ನ್ಯಾಮತಿ ಬೇರೆಯಾದಾಗ ಕಂಪ್ಯೂಟರಿನ ಪಟ್ಟಿ ಏನಾಗಬೇಕು?

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಆರು ತಾಲ್ಲೂಕುಗಳಿದ್ದವು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ. ಮುಂದೆ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಯಿತು, ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಈಗಲೂ ಲೆಕ್ಕ ಆರೇ, ಆದರೆ ಪಟ್ಟಿ ಅದೇ ಅಲ್ಲ. ಒಂದೊಂದು ತಾಲ್ಲೂಕಿನ ಪಂಚಾಯಿತಿಗಳು, ಮಳೆಮಾಪಕಗಳು ಎಷ್ಟೆಂಬುದೂ ಬೇರೆ ಬೇರೆ.

ಹೀಗೆ ಹಿಗ್ಗಿ ಕುಗ್ಗುವ ಪಟ್ಟಿಯನ್ನು ಸರಿಯಾಗಿ ಹಿಡಿದಿಡಲು ವಿಜ್ಞಾನಿಗಳ ಹಳೆಯ ಕಂಪ್ಯೂಟರ್ ಭಾಷೆ ಫೋರ್ಟ್ರಾನ್‌ಗೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು.

1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಹೊರತಂದಿತು. ಅದರಲ್ಲಿ ಪಟ್ಟಿಯ ಅಳತೆಯನ್ನು ಮೊದಲೇ ಬರೆಯಬೇಕಿತ್ತು. ಫೋರ್ಟ್ರಾನ್ 77ರಲ್ಲೂ ಅದೇ ಕಟ್ಟುಪಾಡು. ಮಳೆಮಾಪಕ 100 ಎಂದು ಬರೆದರೆ ನೂರಕ್ಕಷ್ಟೇ ಜಾಗ. ಇರುವುದು 20 ಆದರೆ 80 ಜಾಗ ದಂಡ, 101ನೆಯದು ಬಂದರೆ ಜಾಗವೇ ಇಲ್ಲ.

1991ರಲ್ಲಿ ಪ್ರಕಟವಾದ ಫೋರ್ಟ್ರಾನ್ 90 ದಾರಿ ಮಾಡಿತು. ತಾಲ್ಲೂಕಿನ ಹೆಸರು, ಅದರ ಮಳೆಯ ಅಂಕಿ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಇಡಬಹುದಾಯಿತು. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ಫ್ಲೋಸಾಲ್ವರ್ ತಂಡ ‘ವರ್ಷ’ ಹವಾಮಾನ ಮಾದರಿಯನ್ನು ಬರೆದದ್ದು ಇದೇ ಭಾಷೆಯಲ್ಲಿ.

ಆದರೂ ಒಂದು ತೊಡಕು ಉಳಿಯಿತು. ಕಟ್ಟಿನೊಳಗೆ ಹಿಗ್ಗುವ ಪಟ್ಟಿ ಬೇಕೆಂದರೆ ಪಾಯಿಂಟರ್ ಒಂದೇ ಗತಿ. ಪಾಯಿಂಟರ್ ಎಂದರೆ ಗೋದಾಮಿನ ಚೀಟಿ ಇದ್ದಂತೆ. ಅಡಿಕೆ ಗೋದಾಮಿನಲ್ಲಿರುತ್ತದೆ, ಎಲ್ಲಿದೆ ಎಂಬುದು ಮಾತ್ರ ಚೀಟಿಯಲ್ಲಿ. ಚೀಟಿ ಜೆರಾಕ್ಸ್ ಮಾಡಿಸಿದರೆ ಅಡಿಕೆ ಎರಡು ಪಟ್ಟು ಆಗುವುದಿಲ್ಲ. ಚೀಟಿ ಕಳೆದರೆ ಮೂಟೆ ಯಾರಿಗೂ ಸಿಗದೆ ಜಾಗ ಹಿಡಿದು ಕೂರುತ್ತದೆ.

ಹೊನ್ನಾಳಿಯ ಕಟ್ಟನ್ನು ನಕಲು ಮಾಡಿ ‘ನ್ಯಾಮತಿ’ ಎಂದು ಹೆಸರಿಟ್ಟೆವು ಎಂದುಕೊಳ್ಳಿ. ಹೆಸರು ಎರಡಾದರೂ ಮಳೆಪಟ್ಟಿ ಒಂದೇ. ನ್ಯಾಮತಿಯ ಮಳೆ ಬರೆದರೆ ಹೊನ್ನಾಳಿಯ ಅಂಕಿಯೂ ಬದಲಾಗುತ್ತದೆ. ಕಂಪ್ಯೂಟರ್ ತಪ್ಪೆಂದು ಹೇಳುವುದೂ ಇಲ್ಲ. ಅದಕ್ಕಾಗಿ ಪ್ರೋಗ್ರಾಂ ಬರೆಯುವವರೇ ಹೊಸ ಜಾಗ ಕೊಟ್ಟು, ಅಂಕಿಗಳನ್ನು ಇಳಿಸಿ, ಬೇಡವಾದ ಮೇಲೆ ಜಾಗ ಖಾಲಿ ಮಾಡಬೇಕಿತ್ತು.

ಫೋರ್ಟ್ರಾನ್ 2003 ಈ ಹೊರೆ ಇಳಿಸಿತು. ಕಟ್ಟಿನೊಳಗೇ ಹಿಗ್ಗುವ ಪಟ್ಟಿ ಇಡಲು ಅನುಮತಿ ಸಿಕ್ಕಿತು. ಈಗ ಕಟ್ಟನ್ನು ನಕಲು ಮಾಡಿದರೆ ಪಟ್ಟಿಯೂ ಬೇರೆಯಾಗುತ್ತದೆ, ಕೆಲಸ ಮುಗಿದಾಗ ಜಾಗವೂ ತಾನೇ ಖಾಲಿಯಾಗುತ್ತದೆ. ಆದರೂ ಪಾಯಿಂಟರ್ ಇರುವ ಹಳೆಯ ಪ್ರೋಗ್ರಾಂಗಳು ಇನ್ನೂ ಓಡುತ್ತಿವೆ.

ನಮಗೇಕೆ ಇದು? ಬರ ಘೋಷಣೆ ಆಗುವುದು ತಾಲ್ಲೂಕುವಾರು, ಹವಾಮಾನ ಆಧಾರಿತ ಬೆಳೆ ವಿಮೆಗೆ ಮಳೆಯ ಅಂಕಿಯೂ ಆಧಾರ. ಜಗಳೂರಿನ ಒಣ ಹೊಲಕ್ಕೆ ಚನ್ನಗಿರಿಯ ಮಳೆ ಲೆಕ್ಕ ಬಿದ್ದರೆ ನಷ್ಟ ರೈತನದು. ಮೊಬೈಲಿನಲ್ಲಿ ಮಳೆಯ ಅಂಕಿ ನೋಡುವಾಗ, ನಮ್ಮ ಪಂಚಾಯಿತಿ ಯಾವ ತಾಲ್ಲೂಕಿನ ಕೆಳಗೆ ಇದೆ ಎಂಬುದನ್ನೂ ಒಮ್ಮೆ ನೋಡೋಣ.