ಶಾನುಭೋಗರ ಕೈಬರಹ, ನಮ್ಮ ಫೋನಿನ ಫಾಂಟ್

ಈ ಸಲದ ಮಾತು ಅಕ್ಷರದ ಬಗ್ಗೆ.

ದೊಡ್ಡಬಳ್ಳಾಪುರದಲ್ಲಿ ಗೆಳೆಯನೊಬ್ಬನ ಮದುವೆ ಕಾರ್ಡ್ ಡಿಸೈನ್ ಮಾಡ್ತಾ ಕೂತಿದ್ವಿ. ಅವನದು ಒಂದೇ ಹಟ: "ಕೈಯಲ್ಲಿ ಬರೆದ ಹಾಗಿರಬೇಕು ಮಗಾ." ಪಕ್ಕದಲ್ಲಿದ್ದ ಅವನ ತಾತ ನಕ್ಕುಬಿಟ್ರು. "ನಮ್ಮ ಕಾಲದಲ್ಲಿ ಕೈಬರಹ ಅಂದ್ರೆ ಭಯ ಕಣೋ" ಅಂದ್ರು.

ಯಾಕೆ ಭಯ? ಹಳೇ ಮೈಸೂರಿನಲ್ಲಿ ಊರಿನ ಜಮೀನು, ಕಂದಾಯದ ಲೆಕ್ಕವೆಲ್ಲ ಶಾನುಭೋಗರ ಕೈಲಿತ್ತು. ಲೆಕ್ಕ ಬರೆಯೋಕೆ ಕಡತ ಅಂತ ಇತ್ತು. ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1810ರಲ್ಲೇ ಅದನ್ನು ವರ್ಣಿಸಿದ್ದಾನೆ: 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ, ಮೇಲೆ ಅಂಟು ಮತ್ತು ಇದ್ದಿಲಪುಡಿಯ ಲೇಪ, ಪುಸ್ತಕದ ಹಾಗೆ ಮಡಿಕೆ. ಬರೆಯೋಕೆ ಬಳಪ. ಒರೆಸಿ ಮತ್ತೆ ಬರೀಬಹುದಿತ್ತು!

ಬರಹದ ಶೈಲಿ ಮೋಡಿ. ಕೈ ಎತ್ತದೆ, ಅಕ್ಷರಕ್ಕೆ ಅಕ್ಷರ ಸೇರಿಸಿಕೊಂಡು ಓಡಿಸೋ ಬರಹ. ವೇಗ ಸಿಗ್ತಿತ್ತು, ನಿಜ. ಆದ್ರೆ ಅಭ್ಯಾಸ ಇಲ್ಲದವರಿಗೆ ಒಂದಕ್ಷರವೂ ತಿಳೀತಿರಲಿಲ್ಲ. ನಿಮ್ಮದೇ ಹೊಲದ ಲೆಕ್ಕ, ಓದೋಕೆ ಮಾತ್ರ ಇನ್ನೊಬ್ಬರು ಬೇಕು. ಭಯ ಹುಟ್ಟಿದ್ದು ಅಲ್ಲೇ.

1961ರ ಕಾಯ್ದೆ ವಂಶಪಾರಂಪರ್ಯ ಶಾನುಭೋಗಿಕೆಯನ್ನು ರದ್ದು ಮಾಡ್ತು. ಆದರೂ ಪಹಣಿ ಕೈಬರಹದಲ್ಲೇ ಉಳೀತು. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂತು: 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ. ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದು ಗುಂಟೆ ಗುಂಟೆಗೂ ರೇಟ್ ಏರಿದ ಮೇಲೆ, ದಾಖಲೆಯನ್ನು ನಾವೇ ಓದಬಲ್ಲೆವು ಅನ್ನೋದು ಸಣ್ಣ ವಿಷಯ ಅಲ್ಲ.

ಈಗ ಅದೇ ಕೈಬರಹ ಫಾಂಟ್ ಆಗಿ ವಾಪಸ್ ಬಂದಿದೆ. ಅರವಿಂದ ವಿ.ಕೆ. ಮಾಡಿದ 'ನವಿಲು' ಕೈಬರಹ ಶೈಲಿಯ ಉಚಿತ ಕನ್ನಡ ಫಾಂಟ್. ಇಂಥವು ಮದುವೆ ಕಾರ್ಡ್, ಪೋಸ್ಟರ್, ರೀಲ್ಸ್ ತಲೆಬರಹಕ್ಕೆ ಚೆನ್ನ. ಉದ್ದ ಬರಹಕ್ಕೆ ಬೇಡ; ಸಣ್ಣ ಸೈಜಿನಲ್ಲಿ ಒತ್ತಕ್ಷರ ಕಲಸಿಹೋಗುತ್ತೆ. ಇನ್ನೊಂದು, ಕೈಯಲ್ಲಿ ಬರೆದ ಎರಡು 'ಕ' ಎಂದೂ ಒಂದೇ ಥರ ಇರಲ್ಲ. ಫಾಂಟ್‌ನಲ್ಲಿ, ಡಿಸೈನರ್ ಬೇರೆ ರೂಪಗಳನ್ನು ಸೇರಿಸದಿದ್ದರೆ, ಪ್ರತಿ 'ಕ' ಕೂಡ ಅಚ್ಚು ಹೊಡೆದಂಗೆ.

ನಮಗೆ ಆಪ್ತ ಅನ್ಸೋ ಈ ಶೈಲಿ ತಾತನಿಗೆ ಬೀಗ ಹಾಕಿದ ಬಾಗಿಲಾಗಿತ್ತು. ಬೀಗ ಹೋಯ್ತು, ಒಳ್ಳೇದೇ. ಆದ್ರೆ ಕೀಲಿಕೈಯೂ ಕಳೆದುಹೋಗ್ತಿದೆ: ಮೋಡಿ ಓದಬಲ್ಲವರು ಈಗ ಬಹಳ ಕಡಿಮೆ.

ನಿಮ್ಮ ಮನೆ ಅಟ್ಟದಲ್ಲಿ ಕಡತವೋ ಹಳೇ ಪತ್ರವೋ ಇದ್ರೆ ಲ್ಯಾಮಿನೇಟ್ ಮಾಡಿಸಬೇಡಿ. ಬೆಳಕಿನಲ್ಲಿ ಫೋಟೋ ತೆಗೆದಿಡಿ, ಓದಬಲ್ಲ ಹಿರಿಯರಿದ್ರೆ ಇವತ್ತೇ ಓದಿಸಿ, ಅವರ ದನಿಯನ್ನೂ ರೆಕಾರ್ಡ್ ಮಾಡ್ಕೊಳ್ಳಿ.

ಮತ್ತೆ ಸಿಗೋಣ.