ಹೆಣಿಗೆಗೆ ದೊರೆತ ಅಕ್ಷರ

ಹಳೆಯ ಹೆಣಿಗೆಯ ಪುಸ್ತಕಗಳನ್ನು ಓದುವುದು ನಿವೃತ್ತಿಯ ನಂತರ ನನಗಂಟಿದ ಹವ್ಯಾಸ. ಕಡ್ಡಿ ಹಿಡಿಯಲು ಬಾರದ ನನಗೂ ಅವು ಚರಿತ್ರೆಯ ಆಕರಗಳಾಗಿ ಪ್ರಿಯವಾಗಿವೆ. ಕೈಯಿಂದ ಕೈಗೆ ಸಾಗಿಬಂದ ವಿದ್ಯೆಯೊಂದು ಅಕ್ಷರಕ್ಕಿಳಿದ ಬಗೆಯನ್ನು ಅವು ತಿಳಿಸುತ್ತವೆ.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಉಣ್ಣೆಯ ಅಂಗಡಿ ನಡೆಸುತ್ತಿದ್ದ ಜೇನ್ ಗಾಗೇನ್ ಎಂಬ ಮಹಿಳೆ 1840ರಲ್ಲಿ ಹೆಣಿಗೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಬಗೆಬಗೆಯ ಕುಣಿಕೆಗಳಿಗೆ ಅಕ್ಷರಗಳನ್ನೇ ಸಂಕೇತಗಳಾಗಿ ಬಳಸಿದರು. ಸಾಲನ್ನು ಓದುತ್ತ ಹೆಣೆದರೆ, ಕಾಣದವರ ಕೈಚಳಕವೂ ನಮ್ಮ ಕೈಗೆ ಬರುವಂತಾಯಿತು. 1938ರಲ್ಲಿ ಮೇರಿ ಥಾಮಸ್ ಬರೆದ ಪುಸ್ತಕವನ್ನು ಆಸಕ್ತರು ಇಂದಿಗೂ ತೆರೆಯುತ್ತಾರೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಪುಟ್ಟ ದ್ವೀಪ ಫೇರ್ ಐಲ್. ಅಲ್ಲಿಯ ಅಂಗಿಯಲ್ಲಿ ಎಷ್ಟೇ ಬಣ್ಣಗಳಿದ್ದರೂ ಒಂದು ಸಾಲಿಗೆ ಸಾಮಾನ್ಯವಾಗಿ ಎರಡೇ ಬಣ್ಣದ ಎಳೆ. 1922ರಲ್ಲಿ ಬ್ರಿಟನ್ನಿನ ಯುವರಾಜನು ಅದನ್ನು ತೊಟ್ಟು ಗಾಲ್ಫ್ ಆಡಿದ ಮೇಲೆ ಆ ಚಿತ್ತಾರವು ಲೋಕಪ್ರಸಿದ್ಧವಾಯಿತು.

ನಮ್ಮ ಸೊಲ್ಲಾಪುರ, ಜತ್ತ ಸೀಮೆಯ ಕಂಬಳಿಯೂ ಉಣ್ಣೆಯದೇ. ಆದರೆ ಹೆಣೆದದ್ದಲ್ಲ, ನೇಯ್ದದ್ದು. ದಖನಿ ಕುರಿಯ ಕರಿಯ ಉಣ್ಣೆಯನ್ನು ಹೆಂಗಸರು ನೂಲುವರು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಗಂಡಸರು ನೇಯುವರು. ಎಳೆಗಳ ಲೆಕ್ಕ, ಗಂಜಿಯ ಹದ, ಅಂಚಿನ ಗೆರೆಗಳ ಕ್ರಮ, ಎಲ್ಲವೂ ಅವರ ನೆನಪಿನಲ್ಲಿವೆ. ಜೀವನವಿಡೀ ಅಕ್ಷರ ಕಲಿಸಿದ ನಾನೂ, ಆ ಕಂಬಳಿಯನ್ನೇ ಹೊದ್ದು ಬೆಳೆದಿದ್ದರೂ, ಅದನ್ನು ಬರೆದಿಟ್ಟುಕೊಳ್ಳಲಿಲ್ಲ.

ನೇಯುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂಘದ ತರುಣರು ಅವರ ಮಗ್ಗದ ಬಳಿ ಕುಳಿತು, ಕೇಳಿ, ಕನ್ನಡದಲ್ಲಿ ಬರೆದಿಡಲಿ. ನಾನು ಮಾಡದೆ ಉಳಿಸಿದ ಕೆಲಸವಿದು.