ತಾರೆಯ ಉದಯ, ತಾರೆಯ ಅಸ್ತ: ಒಂದು ಚಲನಚಿತ್ರದ ನಾಲ್ಕು ಜನ್ಮಗಳು



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುವರೆಂದು ನಿರೀಕ್ಷಿಸುವುದು ಸಹಜ. ಇಂದು ನಾವು ಆರಿಸಿಕೊಂಡಿರುವುದಾದರೋ ಒಂದು ಚಲನಚಿತ್ರದ ಚರಿತ್ರೆಯನ್ನು. 'ಎ ಸ್ಟಾರ್ ಈಸ್ ಬಾರ್ನ್' ಎಂಬ ಕಥೆಯನ್ನು ಹಾಲಿವುಡ್ 1937, 1954, 1976 ಮತ್ತು 2018ರಲ್ಲಿ, ಹೀಗೆ ನಾಲ್ಕು ಬಾರಿ ತೆರೆಗೆ ತಂದಿದೆ. ಕೀರ್ತಿಶಿಖರದಿಂದ ಜಾರುತ್ತಿರುವ ಪಾನವ್ಯಸನಿ ಕಲಾವಿದನೊಬ್ಬ ಯಾರೂ ಅರಿಯದ ಪ್ರತಿಭಾವಂತೆಯೊಬ್ಬಳನ್ನು ಗುರುತಿಸಿ ಮೇಲೆತ್ತುತ್ತಾನೆ. ಇಬ್ಬರೂ ಪ್ರೀತಿಸಿ ಮದುವೆಯಾಗುತ್ತಾರೆ. ಆಕೆ ಏರಿದಂತೆಲ್ಲ ಆತ ಇಳಿಯುತ್ತಾನೆ, ಕೊನೆಗೆ ಸಾಯುತ್ತಾನೆ. ವೈದ್ಯರಾದ ನಮಗೆ ಈ ನಾಲ್ಕು ಚಿತ್ರಗಳು ಒಬ್ಬನೇ ರೋಗಿಯ ನಾಲ್ಕು ಕಾಲದ ಕಡತಗಳಂತೆ ಕಾಣುತ್ತವೆ.

ಈ ಕಥೆಯ ಬೇರು 1932ರ 'ವಾಟ್ ಪ್ರೈಸ್ ಹಾಲಿವುಡ್?' ಎಂಬ ಚಿತ್ರದಲ್ಲಿದೆ. ಅದರಲ್ಲಿಯೂ ಕುಡಿತದಿಂದ ಹಾಳಾಗುವ ನಿರ್ದೇಶಕನೊಬ್ಬನಿದ್ದಾನೆ. ಅದನ್ನು ತಯಾರಿಸಿದ ಡೇವಿಡ್ ಸೆಲ್ಜ್ನಿಕ್ ಐದು ವರ್ಷಗಳ ಬಳಿಕ ವಿಲಿಯಂ ವೆಲ್‌ಮನ್ ನಿರ್ದೇಶನದಲ್ಲಿ ಮೊದಲ 'ಸ್ಟಾರ್ ಈಸ್ ಬಾರ್ನ್' ತಯಾರಿಸಿದನು. ಜಾನೆಟ್ ಗೇನರ್ ಮತ್ತು ಫ್ರೆಡ್ರಿಕ್ ಮಾರ್ಚ್ ಮುಖ್ಯ ಪಾತ್ರಗಳಲ್ಲಿದ್ದ ಆ ವರ್ಣಚಿತ್ರ ಶ್ರೇಷ್ಠ ಮೂಲಕಥೆಗಾಗಿ ಆಸ್ಕರ್ ಪಡೆಯಿತು. ಅಮೆರಿಕದಲ್ಲಿ 1920ರಲ್ಲಿ ಜಾರಿಗೆ ಬಂದ ಪಾನನಿಷೇಧ 1933ರಲ್ಲಿ ಕೊನೆಗೊಂಡಿತ್ತು. 1935ರಲ್ಲಿ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಸೇರಿ 'ಆಲ್ಕೊಹಾಲಿಕ್ಸ್ ಅನಾನಿಮಸ್' ಆರಂಭಿಸಿದರು. ಇಬ್ಬರೂ ಸ್ವತಃ ಕುಡಿತದ ದಾಸರಾಗಿದ್ದವರು. ಆದರೆ ಆ ಕಾಲದ ಬಹುಜನರ ಕಣ್ಣಿಗೆ ಕುಡುಕನೆಂದರೆ ನೈತಿಕ ದೌರ್ಬಲ್ಯವುಳ್ಳವನು, ಅಷ್ಟೆ. ಚಿತ್ರದ ನಾಯಕ ನಾರ್ಮನ್ ಮೇನ್ ಆರೋಗ್ಯಧಾಮಕ್ಕೆ ಹೋಗಿ ಮದ್ಯ ಬಿಟ್ಟು ಬರುತ್ತಾನೆ. ಕುದುರೆ ಪಂದ್ಯದ ಮೈದಾನದಲ್ಲಿ ಹಳೆಯ ಪ್ರಚಾರಾಧಿಕಾರಿಯೊಬ್ಬ ಮೂದಲಿಸಿದೊಡನೆ ಮತ್ತೆ ಲೋಟ ಹಿಡಿಯುತ್ತಾನೆ. ಪತ್ನಿ ತನಗಾಗಿ ವೃತ್ತಿಯನ್ನೇ ತ್ಯಜಿಸಲಿದ್ದಾಳೆಂಬುದು ಕಿವಿಗೆ ಬಿದ್ದಾಗ ಸಮುದ್ರಕ್ಕೆ ಇಳಿದುಬಿಡುತ್ತಾನೆ.

ಎರಡನೆಯ ಜನ್ಮ 1954ರದು. ಕಥೆ ಸಂಗೀತಪ್ರಧಾನವಾದುದು ಇಲ್ಲಿಂದಲೇ. ನಿರ್ದೇಶಕ, 1932ರ ಆ ಮೂಲಚಿತ್ರವನ್ನು ನಿರ್ದೇಶಿಸಿದ ಜಾರ್ಜ್ ಕ್ಯೂಕರನೇ. ನಾಯಕಿ ಜೂಡಿ ಗಾರ್ಲೆಂಡ್, ನಾಯಕ ಜೇಮ್ಸ್ ಮೇಸನ್. ಮೂರು ಗಂಟೆ ಮೀರಿದ್ದ ಚಿತ್ರವನ್ನು ಬಿಡುಗಡೆಯಾದ ಮೇಲೆ ಸುಮಾರು ಅರ್ಧ ಗಂಟೆಯಷ್ಟು ಕತ್ತರಿಸಲಾಯಿತು. 1983ರಲ್ಲಿ, ಸಿಕ್ಕಷ್ಟು ದೃಶ್ಯಗಳನ್ನೂ ಸಿಗದೆಡೆ ಸ್ಥಿರಚಿತ್ರಗಳನ್ನೂ ಜೋಡಿಸಿ ಅದನ್ನು ಪುನರುದ್ಧಾರ ಮಾಡಿದರು.

ಈ ಚಿತ್ರದ ವಿಪರ್ಯಾಸವನ್ನು ಗಮನಿಸಬೇಕು. ತೆರೆಯ ಮೇಲೆ ವ್ಯಸನಿಯ ತಾಳ್ಮೆಯ ಪತ್ನಿಯಾಗಿ ಕಾಣುವ ಗಾರ್ಲೆಂಡಳೇ ನಿಜಜೀವನದಲ್ಲಿ ವ್ಯಸನದ ಬಲಿ. 1935ರಲ್ಲಿ, 13ರ ಹರೆಯದಲ್ಲಿ, ಎಂ.ಜಿ.ಎಂ. ಸಂಸ್ಥೆಗೆ ಸೇರಿದ ಆಕೆ ಎಚ್ಚರವಿರಲೊಂದು ಮಾತ್ರೆ, ನಿದ್ರಿಸಲೊಂದು ಮಾತ್ರೆ ಎಂಬ ಚಕ್ರದಲ್ಲಿ ಸಿಲುಕಿದುದನ್ನು ತಾನೇ ಹೇಳಿಕೊಂಡಿದ್ದಾಳೆ. ಆಂಫೆಟಮಿನ್, ಬಾರ್ಬಿಚುರೇಟ್‌ಗಳು ಅಂದು ಔಷಧಗಳೇ ಆಗಿದ್ದವು. ಚೀಟಿ ಬರೆದವರು ನಮ್ಮ ವೃತ್ತಿಯವರೇ. ಚಿತ್ರದಲ್ಲೊಂದು ದೃಶ್ಯವಿದೆ: ವೇಷ ತೊಟ್ಟ ನಾಯಕಿ ಬಣ್ಣದ ಕೋಣೆಯಲ್ಲಿ ಕುಳಿತು, ಗಂಡನನ್ನು ಪ್ರೀತಿಸುತ್ತಲೇ ಕೆಲವೊಮ್ಮೆ ದ್ವೇಷಿಸುವುದೂ ಉಂಟೆಂದು ಅಳುತ್ತ ಒಪ್ಪಿಕೊಳ್ಳುತ್ತಾಳೆ, ಮರುಕ್ಷಣವೇ ಕಣ್ಣೊರೆಸಿಕೊಂಡು ಹಾಡಲು ಓಡುತ್ತಾಳೆ. ವ್ಯಸನಿಗಳ ಮನೆಯವರ ಸ್ಥಿತಿಯನ್ನು ಇಷ್ಟು ನಿಖರವಾಗಿ ವಿವರಿಸಿದ ವೈದ್ಯಗ್ರಂಥವನ್ನು ನಾವು ಓದಿಲ್ಲ. ಗಾರ್ಲೆಂಡ್ 1969ರ ಜೂನ್ 22ರಂದು ಲಂಡನ್ನಿನಲ್ಲಿ, ಬಾರ್ಬಿಚುರೇಟ್ ಪ್ರಮಾಣ ಮೀರಿದುದರಿಂದ ಆಕಸ್ಮಿಕವಾಗಿ ಮೃತಳಾದಳು. ಆಗ ಆಕೆಗೆ 47 ವರ್ಷ.

ಈ ನಡುವೆ ವೈದ್ಯಶಾಸ್ತ್ರ ಬದಲಾಗಿತ್ತು. 1951ರಲ್ಲಿ ಅಮೆರಿಕದಲ್ಲಿ ಡೈಸಲ್ಫಿರಾಮ್ ಮಾತ್ರೆಗೆ ಅನುಮತಿ ದೊರೆಯಿತು. 1956ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘವು ಮದ್ಯವ್ಯಸನವನ್ನು ಕಾಯಿಲೆಯೆಂದು ಮಾನ್ಯ ಮಾಡಿತು.

ಮೂರನೆಯ ಚಿತ್ರ 1976ರದು. ಬಾರ್ಬ್ರಾ ಸ್ಟ್ರೈಸಂಡ್, ಕ್ರಿಸ್ ಕ್ರಿಸ್ಟಾಫರ್‌ಸನ್ ಅಭಿನಯದ್ದು. ಕಥೆ ಸಿನಿಮಾ ಲೋಕದಿಂದ ರಾಕ್ ಸಂಗೀತದ ಲೋಕಕ್ಕೆ ಸ್ಥಳಾಂತರವಾಯಿತು. 'ಎವರ್‌ಗ್ರೀನ್' ಗೀತೆಗೆ ಆಸ್ಕರ್ ಬಂದಿತು. ನಾಯಕ ಕುಡಿದು ಅತಿವೇಗದಿಂದ ಕಾರು ಓಡಿಸಿ ಸಾಯುತ್ತಾನೆ. ಆದರೆ ಆ ಪಾತ್ರ ವಹಿಸಿದವನ ಕಥೆ ಬೇರೆಯಾಯಿತು. ಕ್ರಿಸ್ಟಾಫರ್‌ಸನ್ ಆ ದಿನಗಳಲ್ಲಿ ವಿಪರೀತ ಕುಡಿಯುತ್ತಿದ್ದವನು. ತೆರೆಯ ಮೇಲೆ ತನ್ನದೇ ಬದುಕಿನ ಕೊನೆಯನ್ನು ಕಂಡಂತಾಗಿ ಕುಡಿತವನ್ನು ಬಿಟ್ಟುದಾಗಿ ಆತ ಹೇಳಿಕೊಂಡನು; 88 ವರ್ಷ ಬಾಳಿ 2024ರಲ್ಲಿ ತೀರಿಕೊಂಡನು. ಒಬ್ಬಳಿಗೆ 47, ಇನ್ನೊಬ್ಬನಿಗೆ 88. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನಾವು ವಿಧಿಯೆಂದು ಕರೆಯಲಾರೆವು.

2018ರ ಚಿತ್ರವನ್ನು ನಿರ್ದೇಶಿಸಿ ನಟಿಸಿದವನು ಬ್ರಾಡ್ಲಿ ಕೂಪರ್. ನಾಯಕಿ ಲೇಡಿ ಗಾಗಾ. 2017ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಕ್ರಿಸ್ಟಾಫರ್‌ಸನ್ ತನ್ನ ವೇದಿಕೆಯ ಸಮಯದಲ್ಲಿ ಕೆಲವು ನಿಮಿಷಗಳನ್ನು ಇದರ ಚಿತ್ರೀಕರಣಕ್ಕೆ ಬಿಟ್ಟುಕೊಟ್ಟನು. ಇಲ್ಲಿ ಮೊದಲ ಬಾರಿಗೆ ನಾಯಕನಿಗೊಂದು ರೋಗಚರಿತ್ರೆ ಇದೆ: ಕುಡುಕ ತಂದೆ, ಬಾಲ್ಯದಲ್ಲೇ ಸಾಯಲು ಮಾಡಿದ ಪ್ರಯತ್ನ, ಕಿವಿಯಲ್ಲಿ ನಿಲ್ಲದ ಮೊರೆತ, ಮದ್ಯದೊಡನೆ ಮಾತ್ರೆಗಳು. ಚಿತ್ರ ಬರುವ ಹಿಂದಿನ ವರ್ಷ, 2017ರಲ್ಲಿ, ಅಮೆರಿಕದಲ್ಲಿ ಮಾದಕ ದ್ರವ್ಯಗಳ ಅತಿಸೇವನೆಯಿಂದ 70,000ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ 47,000ಕ್ಕೂ ಮಿಕ್ಕಿದವರ ಸಾವಿನಲ್ಲಿ ಅಫೀಮಿನ ಜಾತಿಯ ಮದ್ದುಗಳಿದ್ದವು. ಇಷ್ಟೆಲ್ಲ ತಿಳಿದೂ ಚಿತ್ರದ ಅಂತ್ಯ ಬದಲಾಗಲಿಲ್ಲ. ಚಿಕಿತ್ಸೆ ಪಡೆದು ಮರಳಿದ ನಾಯಕನಿಗೆ ಪತ್ನಿಯ ವ್ಯವಸ್ಥಾಪಕ 'ನೀನೇ ಆಕೆಗೆ ಹೊರೆ' ಎಂಬರ್ಥದ ಮಾತಾಡುತ್ತಾನೆ. ಆತ ಪ್ರಾಣ ಕಳೆದುಕೊಳ್ಳುತ್ತಾನೆ.

1937ರಿಂದಲೂ ಈ ಕಥೆ ಆ ಸಾವಿಗೆ ತ್ಯಾಗದ ಮೆರುಗು ಕೊಡುತ್ತ ಬಂದಿದೆ. ನಾವು ಅದನ್ನು ಒಪ್ಪುವುದಿಲ್ಲ. ತಾನೊಂದು ಹೊರೆ ಎಂಬ ಭಾವನೆ ತ್ಯಾಗವಲ್ಲ; ಅದು ರೋಗಲಕ್ಷಣ, ಕೂಡಲೇ ನೆರವು ಬೇಕೆಂಬ ಸೂಚನೆ.

ಭಾರತದಲ್ಲಿಯೂ ಈ ಕಥೆಗೆ ನೆಂಟರಿದ್ದಾರೆ. 2013ರ 'ಆಶಿಕಿ 2' ಬಹುಮಟ್ಟಿಗೆ ಇದೇ ಕಥೆ. ನಿಜಜೀವನದಲ್ಲಿ, ನಮ್ಮ ತಂದೆತಾಯಿಯರ ಆರಾಧ್ಯ ಗಾಯಕ ಕೆ. ಎಲ್. ಸೈಗಲ್ ಮದ್ಯಕ್ಕೆ ಬಲಿಯಾಗಿ 1947ರಲ್ಲಿ ತೀರಿಕೊಂಡಾಗ ಅವರಿಗೆ 42 ವರ್ಷ.

ಇಷ್ಟು ದೂರದ ಕಥೆಯನ್ನು ಈ ಸಭೆಗೆ ಏಕೆ ತಂದೆವೆಂದು ಈಗ ಹೇಳಬೇಕು. ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ, ಸಾರಾಯಿ ಕುಡಿದು ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಬಡವರು ವಾರ್ಡುಗಳಲ್ಲಿ ಮಲಗಿರುತ್ತಿದ್ದರು. ಕುಡಿತ ಅಂಥವರ ಕಾಯಿಲೆ ಎಂದೇ ತಿಳಿದಿದ್ದೆವು. 2007ರಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು, ಕಾಯಿಲೆ ನಿಷೇಧವಾಗಲಿಲ್ಲ. ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಬಂದ ಬಳಿಕ ನಮಗೊಬ್ಬ ಆಪ್ತಮಿತ್ರರು ದೊರೆತರು. ದೊಡ್ಡ ಹುದ್ದೆ, ಸುಸಂಸ್ಕೃತ ಮನೆತನ. ಭಾವಗೀತೆಗೆ ಕುಳಿತರೆಂದರೆ ಮಕ್ಕಳೂ ಗಲಾಟೆ ನಿಲ್ಲಿಸುತ್ತಿದ್ದರು. ಒಂದು ಗುಟುಕು ಇಳಿಯದೆ ಅವರ ಕಂಠ ತೆರೆಯದೆಂದು ನಾವೇ ನಗುತ್ತ ಲೋಟ ತುಂಬಿಸಿದ್ದೇವೆ. ಒಂದು ದಿನ ಅವರ ಶ್ರೀಮತಿಯವರು ದೂರವಾಣಿಯಲ್ಲಿ, "ಬೆಳಿಗ್ಗೆ ಎದ್ದಾಗ ಇವರ ಕೈ ನಡುಗುತ್ತೆ ಡಾಕ್ಟ್ರೇ, ಬೀಪಿ ಇರಬಹುದಾ?" ಎಂದು ಕೇಳಿದರು. ಕಾರಣ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಹತ್ತು ನಿಮಿಷ ಇಬ್ಬರೂ ರಕ್ತದೊತ್ತಡವನ್ನೇ ಕುರಿತು ಮಾತನಾಡಿದೆವು. ಆ ಮಿತ್ರರು ಯಕೃತ್ತು ಕೆಟ್ಟು ತೀರಿಕೊಂಡರು. ಅಲ್ಪಕಾಲದ ಅಸೌಖ್ಯವೆಂದು ಎಲ್ಲರಿಗೂ ತಿಳಿಸಲಾಯಿತು; ಆ ವಾಕ್ಯವನ್ನು ಬರೆದುಕೊಟ್ಟವರೂ ನಾವೇ.

ಆದುದರಿಂದ ಇಂದಿನ ಉಪನ್ಯಾಸ ಒಂದು ರೀತಿಯ ಪ್ರಾಯಶ್ಚಿತ್ತವೂ ಹೌದು. 1994ರಿಂದ ನಾಲ್ಟ್ರೆಕ್ಸೋನ್ ಎಂಬ ಔಷಧ ಮದ್ಯದ ಹಂಬಲವನ್ನು ತಗ್ಗಿಸಲು ಲಭ್ಯವಿದೆ. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ವೈದ್ಯರ ಮೇಲ್ವಿಚಾರಣೆಯಲ್ಲೇ ನಿಲ್ಲಿಸಬೇಕು. ಬದುಕು ಬೇಡವೆನಿಸಿದವರಿಗಾಗಿ ಈ ದೇಶದಲ್ಲಿ 2022ರಿಂದ 988 ಎಂಬ ದೂರವಾಣಿ ಸಂಖ್ಯೆಯಿದೆ. ಆದರೆ ಇವೆಲ್ಲಕ್ಕೂ ಮೊದಲು ಯಾರಾದರೊಬ್ಬರು ಕೇಳಬೇಕು. ಮುಂದಿನ ಬಾರಿ ಯಾರದಾದರೂ ಮನೆಯಿಂದ ನಡುಗುವ ಕೈಯ ವಿಷಯ ಬಂದರೆ, ನಾವು ಬೀಪಿಯ ಮಾತೆತ್ತುವುದಿಲ್ಲ. ಎಷ್ಟು ಕುಡಿಯುತ್ತಾರೆ, ಎಂದಿನಿಂದ ಎಂದು ಕೇಳುತ್ತೇವೆ. ತಾವೂ ಕೇಳಬೇಕೆಂದು ವಿನಂತಿ.